ಮ್ಯಾನೇಜರ ಪರವಾಗಿ ಒಂದು ಮುಳುಗು

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದಿಷ್ಟು ಉಗುಳು. ಉಗುಳಿದವನು ಬೇರೆಯಾಗಿದ್ದರೆ, ಅಥವಾ ಉಗುಳಿದ ಜಾಗ ಬೇರೆಯಾಗಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಎಲ್ಲರೂ ಸಮುದ್ರ ನೋಡಿಕೊಂಡು, ಬಿಸಿಲಿಗೆ ಮೂಗಿನ ತುದಿ ಸುಲಿಸಿಕೊಂಡು, ಸುಖವಾಗಿ ಮನೆಗೆ ಮರಳುತ್ತಿದ್ದರು.

ಬಣ್ಣದ ಕಂಪನಿಯೊಂದರ ಸಿಬ್ಬಂದಿ ಯಜಮಾನರ ಖರ್ಚಿನಲ್ಲಿ ಸಮುದ್ರತೀರಕ್ಕೆ ರಜೆಗೆಂದು ಬಂದಿತ್ತು. ಖರ್ಚು ಯಜಮಾನರದ್ದಾದ ಮೇಲೆ ರಜೆಯನ್ನು ಹೇಗೆ ಅನುಭವಿಸಬೇಕೆಂಬುದೂ ಅವರದ್ದೇ ತೀರ್ಮಾನ. ಯಾರಿಗೆ ಮರಳಲ್ಲಿ ಬಿದ್ದುಕೊಳ್ಳುವ ಆಸೆಯಿತ್ತೋ, ಯಾರಿಗೆ ಹನ್ನೊಂದರವರೆಗೆ ನಿದ್ದೆ ಮಾಡುವ ಆಸೆಯಿತ್ತೋ ಅವರೆಲ್ಲರನ್ನೂ ಬೆಳಿಗ್ಗೆಯೇ ಎಬ್ಬಿಸಿ, ಕಂಪನಿಯ ಹೆಸರಿದ್ದ ನೀಲಿ ಅಂಗಿ ತೊಡಿಸಿ, ಬೋಟು ಹತ್ತಿಸಿದ್ದರು. ನಡುಸಮುದ್ರದಲ್ಲಿ ಹವಳದ ದಿಬ್ಬವಿದೆ, ಮುಖಕ್ಕೆ ಗಾಜಿನ ಮಾಸ್ಕ್ ಕಟ್ಟಿ, ಬಾಯಲ್ಲಿ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲು ತೇಲುತ್ತ ಅದನ್ನು ನೋಡಬೇಕು, ಇದಕ್ಕೆ ಸ್ನಾರ್ಕ್ಲಿಂಗ್ ಎನ್ನುತ್ತಾರೆ, ಇದರಿಂದ ಧೈರ್ಯ ಬರುತ್ತದೆ ಎಂದು ಯಜಮಾನರು ಎಲ್ಲಿಯೋ ಓದಿದ್ದರು. ಯಜಮಾನರಿಗೆ ಧೈರ್ಯವೆಂದರೆ ಪ್ರಾಣ. ತಮ್ಮದಲ್ಲ, ಸಿಬ್ಬಂದಿಯದು.

ಬೋಟು ದಿಬ್ಬದ ಹತ್ತಿರ ನಿಂತಿತು. ಬಿಸಿಲಲ್ಲಿ ಒಣಗಿ ಕರ್ರಗಾಗಿದ್ದ ಗೈಡು ಕುತ್ತಿಗೆಯ ಸೀಟಿ ಊದಿ, ಸಾವಿರ ಸಲ ಹೇಳಿ ಬೇಸತ್ತ ದನಿಯಲ್ಲಿ ಪಾಠ ಶುರುಮಾಡಿದ.

"ಮಾಸ್ಕ್ ಹಾಕ್ಕೊಂಡು ಇಳಿದ್ರೆ ಒಳಗಡೆ ಮಂಜು ಕಟ್ಟತ್ತೆ, ಏನೂ ಕಾಣಲ್ಲ. ಅದಕ್ಕೊಂದೇ ಉಪಾಯ. ಗಾಜಿನ ಒಳಗಡೆ ಉಗುಳಿ, ಬೆರಳಲ್ಲಿ ಚೆನ್ನಾಗಿ ಉಜ್ಜಿ, ಆಮೇಲೆ ನೀರಲ್ಲಿ ಜಾಲಿಸಿ. ಒಬ್ಬರ ಮಾಸ್ಕ್ ಇನ್ನೊಬ್ಬರು ಹಾಕ್ಕೋಬೇಡಿ. ಯಾರು ಉಗುಳಿದ್ರೋ ಅವರದ್ದೇ ಮಾಸ್ಕ್."

ಎಲ್ಲರೂ ನಾಚಿಕೆಯಿಂದ ಅತ್ತ ತಿರುಗಿ ಇತ್ತ ತಿರುಗಿ ಉಗುಳತೊಡಗಿದರು. ಮ್ಯಾನೇಜರು ಮಾತ್ರ ತಮ್ಮ ಮಾಸ್ಕನ್ನು ಎರಡು ಬೆರಳಲ್ಲಿ ಹಿಡಿದು, ಬಾಕಿ ಬಿದ್ದ ಫೈಲು ನೋಡುವಂತೆ ಒಮ್ಮೆ ನೋಡಿ, ದೃಷ್ಟಿಯನ್ನು ಸಮುದ್ರದ ಕಡೆಗಿಟ್ಟುಕೊಂಡೇ ಎಡಗಡೆಗೆ ಚಾಚಿದರು. ಎಡಗಡೆ ಅವರ ಗುಮಾಸ್ತ ನಿಂತಿದ್ದ. ಗುಮಾಸ್ತ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಉಗುಳಿದ. ಉಜ್ಜಿದ. ಜಾಲಿಸಿದ. ಕರವಸ್ತ್ರದಲ್ಲಿ ಅಂಚು ಒರೆಸಿ, "ಆಯ್ತು ಸಾರ್" ಎಂದು ಹಿಂದಿರುಗಿಸಿದ.



"ಅಯ್ಯಯ್ಯೋ, ಅದೂ ನೀವೇನಾ?" ಎಂದು ಟೈಪಿಸ್ಟಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಕ್ಯಾಷಿಯರು ಕೆಮ್ಮಿನ ನೆಪದಲ್ಲಿ ನಗಲು ಬೋಟಿನ ಹಿಂಭಾಗಕ್ಕೆ ಹೋದ. ಗುಮಾಸ್ತನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಗುಮಾಸ್ತನಿಗೆ ಮಾತ್ರ ಏನಾಯಿತೆಂದು ತಕ್ಷಣ ಹೊಳೆಯಲೇ ಇಲ್ಲ.

ಅದರಲ್ಲಿ ಅವನ ತಪ್ಪೂ ಇಲ್ಲ. ಆಫೀಸಿನಲ್ಲಿ ಅವನ ಕೆಲಸವೇ ಮ್ಯಾನೇಜರ ಎಡಗಡೆ ಕೂತು, ಎಡಗಡೆಗೆ ಬಂದದ್ದನ್ನೆಲ್ಲ ಮುಗಿಸಿ ಬಲಗಡೆಗೆ ದಾಟಿಸುವುದು. ಪತ್ರಗಳ ಕೆಳಗೆ 'ಮ್ಯಾನೇಜರ ಪರವಾಗಿ' ಎಂದು ಬರೆದು ರುಜು ಹಾಕುವುದರಿಂದ ಶುರುವಾದದ್ದು, ಬರಬರುತ್ತ ಊರಗಲವಾಗಿತ್ತು. ಮ್ಯಾನೇಜರ ಪರವಾಗಿ ಆಸ್ಪತ್ರೆಗೆ ಹೋಗಿ ರೋಗಿಗಳಿಗೆ ಸಮಾಧಾನ ಹೇಳುತ್ತಿದ್ದ. ಮ್ಯಾನೇಜರ ಮಗಳ ಶಾಲೆಯಲ್ಲಿ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ. ಒಮ್ಮೆ ಮ್ಯಾನೇಜರಿಗೆ ಹಲ್ಲುನೋವು ಬಂದಾಗ ಡಾಕ್ಟರ ಹತ್ತಿರ ಜಾಗ ಹಿಡಿಯಲು ಹೋಗಿ, ಸರದಿ ಬಂದಾಗ ಎದ್ದು ಬರಲು ಸಂಕೋಚವಾಗಿ, ತನ್ನದೇ ಒಂದು ಗಟ್ಟಿ ಹಲ್ಲು ಕೀಳಿಸಿಕೊಂಡು ಬಂದಿದ್ದ. ಹೀಗಾಗಿ ಆಫೀಸಿನಲ್ಲಿ ಅವನ ಹೆಸರು ಎಲ್ಲರಿಗೂ ಮರೆತೇಹೋಗಿ, 'ಪರವಾಗಿ' ಎಂಬುದೇ ಗಟ್ಟಿಯಾಗಿತ್ತು.

ಇಷ್ಟಾದರೂ ಅವನ ಮೇಲೊಂದು ಕತ್ತಿ ತೂಗುತ್ತಿತ್ತು. ಕಂಪನಿಗೆ ದೂರದ ದ್ವೀಪವೊಂದರಲ್ಲಿ ಡಿಪೋ ಇತ್ತು. ಮೀನುಗಾರರ ದೋಣಿಗೆ ಬಳಿಯುವ ಬಣ್ಣ ಅಲ್ಲಿಂದ ಹೋಗುತ್ತಿತ್ತು. ಅಲ್ಲಿಗೆ ಹೋದ ಹಿಂದಿನವನೊಬ್ಬ ಬಣ್ಣದ ಡಬ್ಬಗಳ ಜೊತೆ ಮಾತಾಡುವ ಅಭ್ಯಾಸ ಮಾಡಿಕೊಂಡು ಬಂದ. ಇನ್ನೊಬ್ಬ ರಾಜೀನಾಮೆಯನ್ನು ಡಬ್ಬದ ಮುಚ್ಚಳದ ಮೇಲೆ ಬರೆದು ಕಳಿಸಿ ನಾಪತ್ತೆಯಾದ. ಈಗ ಆ ಜಾಗಕ್ಕೆ ಯಜಮಾನರ ಬಾಯಲ್ಲಿ ಬಂದಿದ್ದ ಹೆಸರು ಗುಮಾಸ್ತನದು. ತೀರ್ಮಾನ ಇಂದು ಮಧ್ಯಾಹ್ನದ ಊಟದ ಹೊತ್ತಿಗೆ ಬೋಟಿನಲ್ಲೇ ಆಗುವುದೆಂದು ಟೈಪಿಸ್ಟಮ್ಮ ಸುದ್ದಿ ತಂದಿದ್ದರು.

"ನೀವು ಹೋಗೋದಾದ್ರೆ ಒಬ್ರೇ ಹೋಗಿ" ಎಂದು ಹೆಂಡತಿ ಹಿಂದಿನ ಸಂಜೆಯೇ ಹೇಳಿಬಿಟ್ಟಿದ್ದಳು. "ಮಗಳ ಸ್ಕೂಲು ಬಿಡಿಸಿ, ನನ್ನ ಹೊಲಿಗೆ ಕ್ಲಾಸು ಮುಚ್ಚಿ ನಾನಂತೂ ಬರಲ್ಲ. ಇಷ್ಟು ವರ್ಷ ಆ ಮನುಷ್ಯನ ಪರವಾಗಿ ಎಲ್ಲಾ ಮಾಡಿದ್ರಲ್ಲ, ಒಂದ್ಸಲ ನಿಮ್ಮ ಪರವಾಗಿ ಬಾಯಿ ಬಿಡೋಕೆ ಏನು ಕಷ್ಟ?"

ಗುಮಾಸ್ತನಿಗೆ ಹೊಲಿಗೆ ಕ್ಲಾಸಿನ ಚಿಂತೆ ಅಷ್ಟಾಗಿ ಇರಲಿಲ್ಲ. ಮಗಳದ್ದಿತ್ತು. ಈಗ ಅಜ್ಜಿಯ ಜೊತೆ ಬಿಟ್ಟುಬಂದಿದ್ದ ಆ ಹುಡುಗಿಯನ್ನು ಅವನು ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಿದ್ದ. ಹಿಂದೆ ಕೂತು ಅವಳು ಒಂದೇ ಸಮನೆ ಪ್ರಶ್ನೆ ಕೇಳುತ್ತಿದ್ದಳು, ಅವನು ಗೊತ್ತಿದ್ದಕ್ಕೂ ಗೊತ್ತಿಲ್ಲದ್ದಕ್ಕೂ ಉತ್ತರ ಹೇಳುತ್ತಿದ್ದ. ಇಡೀ ದಿನದಲ್ಲಿ ಅಷ್ಟು ಹೊತ್ತು ಮಾತ್ರ ಅವನು ಯಾರ ಪರವಾಗಿಯೂ ಇರುತ್ತಿರಲಿಲ್ಲ. ಅದನ್ನು ಕಳೆದುಕೊಂಡು ಡಬ್ಬಗಳ ನಡುವೆ ಕೂರುವುದು ಅವನಿಂದಾಗದ ಮಾತಾಗಿತ್ತು.

ಮ್ಯಾನೇಜರು ಗುಮಾಸ್ತನ ತೋಳು ಹಿಡಿದು ಬೋಟಿನ ಬಟ್ಟೆ ಬದಲಿಸುವ ಕೋಣೆಯ ಮರೆಗೆ ಎಳೆದರು.

"ಒಂದು ವಿಷ್ಯ ಹೇಳ್ತೀನಿ, ಹೊರಗೆ ಬಿಡಬಾರದು. ನಂಗೆ ನೀರು ಅಂದ್ರೆ ಆಗಲ್ಲ ಕಣ್ರೀ. ಮೊಣಕಾಲಿಗೆ ಬಂದ್ರೆ ಎದೆ ಹೊಡ್ಕೊಳತ್ತೆ."

"ಸಾರ್, ನೀವು ಕಾಲೇಜಲ್ಲಿ ಈಜಿ ಕಪ್ ಗೆದ್ದಿದ್ದೀರಿ ಅಂತ..."

"ಯಜಮಾನ್ರಿಗೆ ಹಾಗೆ ಹೇಳಿದ್ದೀನಿ. ಕೆಲಸಕ್ಕೆ ಸೇರೋವಾಗ ಹೇಳಿದ್ದು. ಅವರು ಅದನ್ನ ಮರೀಲೇ ಇಲ್ಲ. ಈಗ ಮುಂದೆ ಛತ್ರಿ ಕೆಳಗೆ ಕೂತ್ಕೊಂಡು 'ಎಲ್ಲಿ ನಮ್ಮ ಚಾಂಪಿಯನ್' ಅಂತಿದ್ದಾರೆ." ಮ್ಯಾನೇಜರು ಬೆವರೊರೆಸಿಕೊಂಡು ಮಾಸ್ಕನ್ನು ಮುಂದೆ ಹಿಡಿದರು. "ಇದಕ್ಕೆ ಉಗುಳಿದ್ದು ನೀವೇ ತಾನೇ? ಗೈಡ್ ಹೇಳಿದ್ದು ಕೇಳಿಸ್ತಲ್ಲ. ನಿಯಮದ ಪ್ರಕಾರ ಮಾಸ್ಕ್ ನಿಮ್ಮದೇ ಆಯ್ತು. ನಾನು ಹಾಕ್ಕೊಳೋ ಹಾಗಿಲ್ಲ."

ಗುಮಾಸ್ತ ಇಂಗು ತಿಂದ ಮಂಗನಂತೆ ನಿಂತ.

"ಮಾಸ್ಕು, ಕೊಳವೆ, ತೇಲೋ ಜಾಕೆಟ್ ಹಾಕಿದ್ರೆ ಹೆತ್ತ ತಾಯಿಗೂ ಗುರುತು ಸಿಗಲ್ಲ" ಎಂದು ಮ್ಯಾನೇಜರು ಪಿಸುಗುಟ್ಟಿದರು. "ನನ್ನ ಬಟ್ಟೆ ಹಾಕ್ಕೊಂಡು ನೀವು ಇಳೀರಿ. ಸ್ವಲ್ಪ ಹೊತ್ತು ತೇಲಿ ಬಂದ್ಬಿಡಿ. ಅಷ್ಟೆ."

ಗುಮಾಸ್ತನಿಗೂ ಈಜು ಬರುತ್ತಿರಲಿಲ್ಲ. ಆದರೆ ಆ ಕ್ಷಣ ಅವನ ಕಣ್ಣ ಮುಂದೆ ಬಂದದ್ದು ಸಮುದ್ರವಲ್ಲ, ಸ್ಕೂಟರು. ಜನ್ಮದಲ್ಲಿ ಮೊದಲ ಬಾರಿಗೆ ಅವನು ಮ್ಯಾನೇಜರೊಡನೆ ಚೌಕಾಸಿ ಮಾಡಿದ.

"ಸಾರ್, ಆ ದ್ವೀಪದ ವಿಷಯ... ಮೊದಲು ಯಜಮಾನ್ರ ಹತ್ತಿರ ಒಂದು ಮಾತು..."

ಮ್ಯಾನೇಜರು ಅವನನ್ನು ಹೊಸದಾಗಿ ನೋಡುವಂತೆ ನೋಡಿದರು. ಕುರ್ಚಿಯೇ ಎದ್ದು ಸಂಬಳ ಕೇಳಿದಂತೆ ಅವರಿಗೆ ಅನ್ನಿಸಿರಬೇಕು. ಆದರೂ ಹೋದರು. ಛತ್ರಿಯ ಕೆಳಗೆ ಬಗ್ಗಿ ಏನೋ ಹೇಳಿದರು. ಯಜಮಾನರು ಅಗಲವಾದ ಹುಲ್ಲಿನ ಟೋಪಿಯಡಿಯಿಂದ ತಲೆ ಆಡಿಸಿದ್ದು ಇಲ್ಲಿಗೇ ಕಂಡಿತು.

"ನಿಮ್ಮ ಹೆಸರು ಕೈಬಿಟ್ರು" ಎಂದು ಮ್ಯಾನೇಜರು ಹಿಂದಿರುಗಿ ಹೇಳಿದರು. "ಈಗ ಬಟ್ಟೆ ಬಿಚ್ಚಿ."

ಕೋಣೆಯೆಂದರೆ ಇಬ್ಬರು ನಿಂತರೆ ಮೂರನೆಯವರ ಉಸಿರಿಗೂ ಜಾಗವಿಲ್ಲದಂಥದು. ಒಳಗೆ ಒದ್ದೆ ಹಗ್ಗದ, ಡೀಸೆಲ್ಲಿನ ವಾಸನೆ. ಮ್ಯಾನೇಜರು ನೀರಿಗಿಳಿಯುವಾಗ ತೊಡಲೆಂದು ಕೊಂಡಿದ್ದ ಉದ್ದ ತೋಳಿನ ಹಳದಿ ಅಂಗಿ, ಕೆಂಪು ಮೀನುಗಳ ಚಡ್ಡಿ ಗುಮಾಸ್ತನ ಮೈಮೇಲೆ ಒಣಹಾಕಿದ ಬಟ್ಟೆಯಂತೆ ಜೋತುಬಿದ್ದವು. ಮ್ಯಾನೇಜರ ಹೊಟ್ಟೆ ಕಂಪನಿಯಲ್ಲೇ ಹೆಸರಾದದ್ದು, ಅದಿಲ್ಲದೆ ಅವರೆಂದು ಯಾರೂ ನಂಬುವ ಹಾಗಿರಲಿಲ್ಲ. ಕೊನೆಗೆ ದಪ್ಪದೊಂದು ಟವೆಲನ್ನು ಸುತ್ತಿ, ಅಂಗಿಯೊಳಗೆ ತುರುಕಿ, ಮೇಲೆ ಜಾಕೆಟ್ ಬಿಗಿದರು. ಮ್ಯಾನೇಜರು ಸ್ವಲ್ಪ ಹಿಂದೆ ಸರಿದು ತಮ್ಮನ್ನು ತಾವೇ ನೋಡಿಕೊಂಡು, "ಇಷ್ಟೊಂದು ಇದೆಯಾ?" ಎಂದು ಬೇಸರಪಟ್ಟುಕೊಂಡರು.

"ನಾನೆಲ್ಲಿ ಅಂತ ಕೇಳಿದ್ರೆ ಸಾರ್?"

"ನಿಮಗೆ ಹೊಟ್ಟೆ ತೊಳಸಿ ಇಲ್ಲೇ ಮಲಗಿದ್ದೀರಿ. ಬಾಗಿಲು ಹಾಕ್ಕೋತೀನಿ. ಯಾರಾದ್ರೂ ತಟ್ಟಿದ್ರೆ ನಿಮ್ಮ ಪರವಾಗಿ ವಾಂತಿ ಮಾಡ್ತೀನಿ."

ಮ್ಯಾನೇಜರು ಅವನ ಪರವಾಗಿ ಏನನ್ನಾದರೂ ಮಾಡಲು ಒಪ್ಪಿದ್ದು ಅದೇ ಮೊದಲು. ಗುಮಾಸ್ತ ಕೈಮುಗಿದ.

ಮಾಸ್ಕ್ ಬಿಗಿದು, ಕೊಳವೆ ಕಚ್ಚಿ, ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರು ಹಾಕಿಕೊಂಡು ಅವನು ಫಟ್ ಫಟ್ ಎಂದು ಹೊರಬಂದಾಗ ಬೋಟಿನ ನಡವಳಿಕೆಯೇ ಬದಲಾಗಿಹೋಯಿತು. ಕೂತವರು ಎದ್ದರು. ಸೇಲ್ಸಿನವನು ಮೊಣಕೈ ಹಿಡಿದು ದಾರಿ ಮಾಡಿಕೊಟ್ಟ. "ಹಳದಿ ನಿಮಗೆ ಎಷ್ಟು ಒಪ್ಪತ್ತೆ ಸಾರ್, ಇನ್ಯಾರಿಗೂ ಹಾಗೆ ಒಪ್ಪಲ್ಲ" ಎಂದರು ಟೈಪಿಸ್ಟಮ್ಮ. ಸ್ವಂತ ಬಟ್ಟೆಯಲ್ಲಿ ಇಷ್ಟು ವರ್ಷ ಸಿಗದ ಮರ್ಯಾದೆ ಸಾಲದ ಚಡ್ಡಿಯಲ್ಲಿ ಸಿಕ್ಕಿದ್ದು ಕಂಡು ಗುಮಾಸ್ತನಿಗೆ ಸಂತೋಷವೇ ಆಯಿತು.

ಅದು ಹೆಚ್ಚು ಹೊತ್ತು ಬಾಳಲಿಲ್ಲ. ಕ್ಯಾಷಿಯರು ಬಗ್ಗಿ ಜಾಕೆಟ್ಟಿನ ಪಟ್ಟಿ ಸರಿಮಾಡುತ್ತ ಕಿವಿಯ ಹತ್ತಿರ ಬಂದ. ದಿನಾ ಮಧ್ಯಾಹ್ನ ಗುಮಾಸ್ತನ ಡಬ್ಬಿಯಿಂದ ಪಲ್ಯ ಹಂಚಿಕೊಂಡು ತಿನ್ನುವ ಮನುಷ್ಯ ಅವನು.

"ನೋಡಿದ್ರಾ ಸಾರ್, ನಮ್ಮ 'ಪರವಾಗಿ'ಯನ್ನ? ಸಮುದ್ರ ನೋಡಿದ ಕೂಡ್ಲೆ ಒಳಗೆ ಸೇರ್ಕೊಂಡ. ಇಂಥ ಪುಕ್ಕಲನನ್ನ ಪಕ್ಕದಲ್ಲಿ ಇಟ್ಕೊಂಡಿದ್ದೀರಲ್ಲ, ನಿಮ್ಮ ದೊಡ್ಡತನ. ದ್ವೀಪಕ್ಕೆ ಕಳಿಸ್ಬಿಡಿ. ಆ ಎಡಗಡೆ ಕುರ್ಚಿಗೆ ನಾನಿದ್ದೀನಿ."

ಗುಮಾಸ್ತ ಕೊಳವೆಯ ರಬ್ಬರನ್ನು ಹಲ್ಲಿನಲ್ಲಿ ಕಚ್ಚಿದ. ಆಮೇಲೆ, ರಬ್ಬರು ಪಾದ ದೊಡ್ಡದು, ಎಲ್ಲಿ ಬೀಳುತ್ತದೋ ಗೊತ್ತಾಗುವುದಿಲ್ಲ ನೋಡಿ, ಅದನ್ನು ಕ್ಯಾಷಿಯರ ಕಾಲ್ಬೆರಳ ಮೇಲೆ ಊರಿ ಮುಂದೆ ಹೋದ. "ಪರವಾಗಿಲ್ಲ ಸಾರ್, ಪರವಾಗಿಲ್ಲ" ಎಂದು ಕ್ಯಾಷಿಯರು ಒಂಟಿಕಾಲಲ್ಲಿ ಕುಣಿಯುತ್ತ ನಕ್ಕ.

"ಭೇಷ್!" ಎಂದು ಛತ್ರಿಯ ಕಡೆಯಿಂದ ಯಜಮಾನರ ಕೂಗು ಬಂತು. "ಚಾಂಪಿಯನ್ ಬಂದ್ರು! ನೋಡಿ ಕಲೀರಿ ಎಲ್ಲಾ!"

ಹೆಂಡತಿಯ ಪಕ್ಕದಲ್ಲೇ ಅವನು ಹಾದುಹೋದ. ಅವಳು ಹಳದಿ ಅಂಗಿಯನ್ನು ಕೆಟ್ಟ ಕಣ್ಣಿನಿಂದ ನೋಡಿ, ಮುಖ ತಿರುಗಿಸಿ, ಕೋಣೆಯ ಬಾಗಿಲ ಕಡೆಗೆ ನಡೆದಳು. ಅವಳ ಕೈಯಲ್ಲಿ ನಿಂಬೆಹಣ್ಣಿತ್ತು.

ಅವಳನ್ನು ತಡೆಯಲು ಅವನು ಕೈಯೆತ್ತಿದ. ಆದರೆ ಅಷ್ಟರಲ್ಲಿ ಗೈಡು, "ಒಂದು ಹೆಜ್ಜೆ ಮುಂದಿಡಿ ಸಾರ್" ಎಂದ. ಅವನು ಇಟ್ಟ. ಮುಂದೆ ಬೋಟಿರಲಿಲ್ಲ.

ನೀರು ಮೂಗಿಗೆ ಹೋಯಿತು, ಕಿವಿಗೆ ಹೋಯಿತು, ಹೋಗಬಾರದ ಕಡೆಯೆಲ್ಲ ಹೋಯಿತು. ಸತ್ತೆ ಎಂದುಕೊಂಡ. ಸಾಯಲಿಲ್ಲ. ಜಾಕೆಟ್ಟು ಅವನನ್ನು ಬೆಂಡಿನಂತೆ ಮೇಲಕ್ಕೆತ್ತಿತು. "ಮುಖ ಕೆಳಗೆ ಹಾಕಿ ಉಸಿರಾಡಿ" ಎಂದು ಗೈಡು ಹಿಂದಲೆ ಒತ್ತಿದ. ಗುಮಾಸ್ತ ಕಣ್ಣು ತೆರೆದ.

ಕೆಳಗೆ ಒಂದು ಊರೇ ಇತ್ತು. ಹವಳದ ಕೊಂಬೆಗಳ ಸಂದಿಯಿಂದ ಹಳದಿ ಪಟ್ಟೆಯ ಮೀನುಗಳು ಶಾಲೆ ಬಿಟ್ಟ ಮಕ್ಕಳಂತೆ ಒಟ್ಟಿಗೇ ನುಗ್ಗಿ ಬಂದವು. ನೀಲಿಯದೊಂದು ಪುಟ್ಟ ಮೀನು ಅವನ ಮಾಸ್ಕಿನ ಗಾಜಿಗೆ ಮೂಗು ತಾಗಿಸಿ, ಇವನ್ಯಾರೆಂದು ನೋಡಿ ಹೋಯಿತು. ಬಣ್ಣದ ಕಂಪನಿಯಲ್ಲಿ ಇಷ್ಟು ವರ್ಷ ದುಡಿದವನಿಗೆ ಆ ನೀಲಿಗೆ ಯಾವ ಡಬ್ಬದ ಹೆಸರೂ ನೆನಪಾಗಲಿಲ್ಲ. ಅವನಿಗೆ ಸುಮ್ಮನೆ ಸಂತೋಷವಾಯಿತು. ಗಾಜು ಕನ್ನಡಿಯಷ್ಟು ತಿಳಿಯಾಗಿತ್ತು, ಉಗುಳಿದ್ದು ಸಾರ್ಥಕವಾಗಿತ್ತು. ಮಗಳಿಗೆ ಇದನ್ನು ಹೇಗೆ ಹೇಳಬೇಕೆಂದು ಅವನು ಅಲ್ಲೇ ಮನಸ್ಸಿನಲ್ಲಿ ಮಾತು ಜೋಡಿಸತೊಡಗಿದ.

ಆ ಹೊತ್ತಿಗೆ ಹೊಟ್ಟೆ ಕೈಕೊಟ್ಟಿತು. ಟವೆಲ್ಲು ನೀರು ಕುಡಿದು ಕಲ್ಲುಗುಂಡಿನಂತಾಗಿ, ಮೆಲ್ಲಗೆ ಪಕ್ಕೆಗೆ ಸರಿದು, ಅಲ್ಲಿಂದ ಬೆನ್ನಿಗೆ ಹೋಯಿತು. ಒಂದು ಕಡೆಗೆ ವಾಲಿಕೊಂಡು ಅವನು ಗಿರಕಿ ಹೊಡೆಯತೊಡಗಿದ.

ಗೈಡು ಹತ್ತಿರ ಬಂದು, "ಸಾರ್, ನಿಮ್ಮ ಹೊಟ್ಟೆ ಹಿಂದಕ್ಕೆ ಹೋಗಿದೆ" ಎಂದ.

"ಊಂ" ಎಂದ ಗುಮಾಸ್ತ ಕೊಳವೆಯಲ್ಲಿ.

ಗೈಡು ಮತ್ತೇನೂ ಕೇಳಲಿಲ್ಲ. ಪ್ರವಾಸಿಗರ ಮೈಯಲ್ಲಿ ಏನು ಎಲ್ಲಿರಬೇಕೆಂಬ ವಿಚಾರ ಅವನ ಸಂಬಳಕ್ಕೆ ಸೇರಿದ್ದಲ್ಲ. ಅಷ್ಟು ದೂರದಲ್ಲಿ ಸೇಲ್ಸಿನವನು ಹವಳದ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದುದನ್ನು ಕಂಡು, ಸೀಟಿ ಊದುತ್ತ ಆ ಕಡೆ ಈಜಿದ.

ಇತ್ತ ಬೋಟಿನ ಮೇಲೆ ಗಾಳಿಯೆದ್ದು ಯಜಮಾನರ ಹುಲ್ಲಿನ ಟೋಪಿ ಹಾರಿ ನೀರಿಗೆ ಬಿತ್ತು. "ಟೋಪಿ! ಟೋಪಿ!" ಎಂದು ಇಡೀ ಬೋಟು ಕಿರುಚಿತು. ಎಲ್ಲರೂ ಕಿರುಚಿದರೇ ಹೊರತು ಯಾರೂ ಹಾರಲಿಲ್ಲ. ನೀರಿನಲ್ಲಿ ಕಿವಿ ಮುಳುಗಿಸಿಕೊಂಡಿದ್ದ ಗುಮಾಸ್ತನಿಗೆ ಇದ್ಯಾವುದೂ ಕೇಳಿಸಲಿಲ್ಲ. ಟೋಪಿಯನ್ನು ಎಳೆದುಕೊಂಡು ಹೊರಟ ಸೆಳೆತವೇ ಅವನನ್ನೂ ಎಳೆದುಕೊಂಡು ಹೊರಟಿತು. ಸೆಳೆತಕ್ಕೆ ಟೋಪಿಯೂ ಒಂದೇ, ಗುಮಾಸ್ತನೂ ಒಂದೇ. ಮುಂದೆ ಟೋಪಿ, ಹಿಂದೆ ಅವನು, ಎಲ್ಲೆಯೆಂದು ಗೈಡು ಕಟ್ಟಿದ್ದ ತೇಲುಹಗ್ಗವನ್ನು ದಾಟಿದರು.

ಕೆಳಗಿನ ಹವಳ ಇದ್ದಕ್ಕಿದ್ದಂತೆ ಮುಗಿದುಹೋಯಿತು. ಆಚೆ ಬರೀ ನೀಲಿ, ಅದರ ಕೆಳಗೆ ಇನ್ನೂ ಕಡುನೀಲಿ. ಗುಮಾಸ್ತನ ಜೀವ ಬಾಯಿಗೆ ಬಂತು, ಬಾಯಲ್ಲಿ ಕೊಳವೆಯಿದ್ದುದರಿಂದ ಅಲ್ಲೇ ನಿಂತಿತು. ಅಷ್ಟರಲ್ಲಿ ಅಲೆಯೊಂದು ಟೋಪಿಯನ್ನು ಎತ್ತಿ ತಂದು ನೇರವಾಗಿ ಅವನ ಕೊಳವೆಯ ಮೇಲೆ ಮುಚ್ಚಿತು. ಉಸಿರು ನಿಂತಿತು. ಕೈಕಾಲು ಬಡಿದ, ಒದ್ದಾಡಿದ, ಉಸಿರುಗಟ್ಟಿಸುತ್ತಿದ್ದ ಆ ಮುಚ್ಚಳವನ್ನು ಕಿತ್ತು ಕೈ ಮೇಲೆತ್ತಿದ. 'ಕಾಪಾಡಿ' ಎನ್ನುವುದು ಅವನ ಅಭಿಪ್ರಾಯ.

ಬೋಟಿನಿಂದ ಅದು ಬೇರೆ ರೀತಿಯೇ ಕಂಡಿತು. ಯಾರೂ ಹೋಗದ ಆಳದಲ್ಲಿ, ಎದ್ದುಬಿದ್ದು ಬರುವ ಅಲೆಗಳ ನಡುವೆ, ಹಳದಿ ಅಂಗಿಯ ವೀರನೊಬ್ಬ ಯಜಮಾನರ ಟೋಪಿಯನ್ನು ಬಾವುಟದಂತೆ ಎತ್ತಿ ಬೀಸುತ್ತಿದ್ದ. ಯಜಮಾನರು ಎದ್ದು ನಿಂತರು. ಅವರ ಕಣ್ಣು ತೇವಗೊಂಡಿತ್ತು.

"ನನ್ನ ಟೋಪಿಗೋಸ್ಕರ ಪ್ರಾಣ ಪಣಕ್ಕಿಟ್ಟ ಮನುಷ್ಯ ಕಣ್ರಯ್ಯಾ!"

ಗೈಡು ಟ್ಯೂಬು ಎಸೆದು, ಬೈದು, ಎಳೆದು ತಂದ. ಬೋಟಿನ ಏಣಿ ಹತ್ತುವಷ್ಟರಲ್ಲಿ ಇಡೀ ಸಿಬ್ಬಂದಿ ಚಪ್ಪಾಳೆ ತಟ್ಟುತ್ತಿತ್ತು. ಯಜಮಾನರು ಅವನನ್ನು ಒದ್ದೆ ಮೈಯಲ್ಲೇ ತಬ್ಬಿಕೊಂಡು, "ಮಾಸ್ಕ್ ತೆಗೀರಿ, ಆ ಮುಖ ನೋಡ್ಬೇಕು" ಎಂದರು. ಗುಮಾಸ್ತ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳಲು ಹೋಗಿ, ಹೊಟ್ಟೆ ಬೆನ್ನಿಗಿದ್ದುದರಿಂದ ಬೆನ್ನು ಹಿಡಿದುಕೊಂಡು, ಫಟ್ ಫಟ್ ಎಂದು ಕೋಣೆಯ ಕಡೆ ಓಡಿದ.

ಬಾಗಿಲಿಗೆ ಒರಗಿ ಹೆಂಡತಿ ನಿಂತಿದ್ದಳು. "ಒಳಗೆ ನಮ್ಮವರಿದ್ದಾರೆ ಸಾರ್, ತುಂಬಾ ಸಂಕಟ..." ಎನ್ನುತ್ತಿದ್ದವಳನ್ನು ಸರಿಸಿ ಬಾಗಿಲು ಬಡಿದ. ಚಿಲಕ ಜಾರಿತು, ಅವನು ಒಳಗೆ ಬಿದ್ದ, ಚಿಲಕ ಮತ್ತೆ ಬಿತ್ತು.

ಮ್ಯಾನೇಜರು ಜಾಕೆಟ್ಟುಗಳ ರಾಶಿಯ ಮೇಲೆ ಗುಮಾಸ್ತನ ನೀಲಿ ಅಂಗಿಯಲ್ಲಿ ಬಿಗಿದುಕೊಂಡು ಕೂತಿದ್ದರು. ಕೈಯಲ್ಲಿ, ಬಾಗಿಲ ಕೆಳಗಿನ ಸಂದಿಯಿಂದ ಉರುಳಿಬಂದ ನಿಂಬೆಹಣ್ಣು.

"ನಿಮ್ಮ ಮನೆಯವರು ಅವಾಗಿಂದ ಹೊರಗೆ ನಿಂತು ನನಗೆ ಸಮಾಧಾನ ಹೇಳ್ತಿದ್ದಾರೆ" ಎಂದರು, ನೆಲ ನೋಡುತ್ತ.

"ಏ... ಏನಂದ್ಲು ಸಾರ್?"

"ನನಗೆ ಅಂದ್ರೆ ನಿಮಗೆ. ನಾನು, ಅಂದ್ರೆ ಮ್ಯಾನೇಜರು, ಕುಂಬಳಕಾಯಿಗೆ ಟೈ ಕಟ್ಟಿದ ಹಾಗಿದ್ದೀನಂತೆ. ಹಲ್ಲು ಕೀಳಿಸಿಕೊಂಡು ಬಂದಾಗ ಒಂದು ಮಾತೂ ಕೇಳಲಿಲ್ಲವಂತೆ. ಅಂಥವನ ಕಾಲು ಒತ್ತೋ ಬದಲು ಅದೇ ಕಾಲು ಹಿಡಿದು ಸಮುದ್ರಕ್ಕೆ ಎಸೀಬೇಕಂತೆ."

"ನೀವೇನಂದ್ರಿ ಸಾರ್?"

"ಏನು ಹೇಳ್ಲಿ? ವಾಂತಿ ಮಾಡ್ದೆ. ಮೊದಮೊದಲು ನಾಟಕ. ಆಮೇಲೆ ನಿಜವಾಗ್ಲೂ ಬಂತು."

ಗುಮಾಸ್ತನಿಗೆ ಮತ್ತೆ ಹೋಗಿ ಸಮುದ್ರಕ್ಕೆ ಬೀಳೋಣವೆನ್ನಿಸಿತು. ಆದರೆ ಮ್ಯಾನೇಜರಿಗೆ ಹೊರಗಿನ ಚಪ್ಪಾಳೆ ಕೇಳಿಸುತ್ತಿತ್ತು. ನಡೆದದ್ದನ್ನು ಗುಮಾಸ್ತನ ಬಾಯಿಂದ ಕೇಳುತ್ತಾ ಹೋದಂತೆ ಅವರ ಮುಖ ಅರಳಿತು. "ಟೋಪಿ ತಂದೆನಾ ನಾನು?" ಎಂದು ಎರಡು ಸಲ ಕೇಳಿದರು. "ಆಯ್ತು, ಮನೆಯವರ ಮಾತು ನಾನು ಕೇಳಿಸ್ಕೊಂಡೇ ಇಲ್ಲ ಅಂದ್ಕೊಳಿ. ನಿಮ್ಮ ಹೆಸರು ತೆಗೆಸಿದ್ದೂ ತೆಗೆಸಿದ ಹಾಗೇ." ಒದ್ದೆ ಹಳದಿ ಅಂಗಿಯನ್ನು ಎಳೆದುಕೊಂಡು, ತಲೆಗೆ ಒಂದು ಬಕೆಟ್ ನೀರು ಸುರಿದುಕೊಂಡು, ಏದುಸಿರು ಬಿಡುವುದನ್ನು ಸ್ವಲ್ಪ ಅಭ್ಯಾಸ ಮಾಡಿ, ಅವರು ಚಪ್ಪಾಳೆಯೊಳಕ್ಕೆ ನಡೆದರು.

ಆಮೇಲೆ ಗುಮಾಸ್ತ ಗೋಡೆ ಹಿಡಿದು ಹೊರಬಂದ. ಹೆಂಡತಿ ಬೆನ್ನು ಸವರಿದಳು. "ಇಷ್ಟು ಹೊತ್ತು ಹೇಳಿದ್ದಕ್ಕೆ ಬರೀ ವಾಂತಿ ಮಾಡಿದ್ರಿ. ತಲೆ ಯಾಕೆ ಇಷ್ಟು ಒದ್ದೆ?"

"ಬೆವರು ಕಣೇ. ಒಂದು ವಿಷ್ಯ ಕೇಳು. ದ್ವೀಪಕ್ಕೆ ನನ್ನ ಹೆಸರು ಕೈಬಿಟ್ರಂತೆ."

ಅವಳ ಮುಖ ಹೂವಾಯಿತು. ಆ ಮುಖ ನೋಡಿ ಅವನಿಗೆ ನುಂಗಿದ ಉಪ್ಪುನೀರೆಲ್ಲ ಸಿಹಿಯಾಯಿತು. ನೀವೂ ಒಂದು ಸಲವಾದರೂ ಬಾಯಿಬಿಟ್ಟಿರಲ್ಲ ಎನ್ನುವಂತೆ ಅವಳು ಅವನ ಕೈ ಹಿಡಿದುಕೊಂಡಳು. ಮುಂದಿನ ನಿಮಿಷದಲ್ಲಿ ಸುದ್ದಿ ಟೈಪಿಸ್ಟಮ್ಮನಿಗೂ ತಲುಪಿತು.

ಊಟದ ಡಬ್ಬಿಗಳು ಬಿಚ್ಚಿಕೊಂಡವು. ಯಜಮಾನರು ಒದ್ದೆ ಟೋಪಿಯನ್ನು ಎದೆಗೆ ಹಿಡಿದು ಎದ್ದು ನಿಂತರು.

"ಆ ದ್ವೀಪದ ಡಿಪೋಗೆ ಗುಮಾಸ್ತನನ್ನ ಕಳಿಸೋಣ ಅಂತಿದ್ದೆ. ಬೇಡ ಅಂತ ಮ್ಯಾನೇಜರ್ ಬೆಳಿಗ್ಗೆ ಹೇಳಿದ್ರು. ಯಾಕೆ ಹಾಗಂದ್ರು ಅಂತ ಈಗ ಗೊತ್ತಾಯ್ತು. ಅಲ್ಲಿ ಜೆಟ್ಟಿ ಮುರಿದುಹೋಗಿದೆ. ಬೋಟು ದಡಕ್ಕೆ ಹೋಗಲ್ಲ, ಕೊನೇಲಿ ಅಲೆ ಸೀಳಿಕೊಂಡು ಈಜಿ ಹೋಗ್ಬೇಕು. ಅದಕ್ಕೇ ಹೋದವರು ಯಾರೂ ನಿಲ್ತಿಲ್ಲ. ಅದು ಅಂಥಿಂಥವರ ಕೆಲಸ ಅಲ್ಲ, ಅದಕ್ಕೆ ಒಂದು ಸಿಂಹ ಬೇಕು. ಆ ಸಿಂಹ ನನ್ನ ಕಣ್ಣೆದುರಿಗೇ ಇದೆ. ಮ್ಯಾನೇಜರೇ, ಸೋಮವಾರದಿಂದ ಆ ಡಿಪೋ ನಿಮ್ಮದು!"

ಮ್ಯಾನೇಜರ ಬಾಯೊಳಗಿದ್ದ ತುತ್ತು ಅಲ್ಲೇ ಉಳಿಯಿತು. "ಯಜಮಾನ್ರೇ, ನನಗೆ ವಯಸ್ಸು..."

"ವಯಸ್ಸಾ! ಹಗ್ಗ ದಾಟಿ ಒಂಟಿಯಾಗಿ ಹೋದವರು ಆಡೋ ಮಾತಾ ಇದು? ನೋಡ್ರಯ್ಯಾ, ವಿನಯ ಅಂದ್ರೆ ಇದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಷಿಯರದ್ದು ಎಲ್ಲರಿಗಿಂತ ಜೋರಾಗಿತ್ತು. ಗುಮಾಸ್ತನಿಗೆ ಒಂದು ಕ್ಷಣ ಮ್ಯಾನೇಜರ ಮೇಲೆ ಕನಿಕರ ಬಂತು. ನಿಜ ಹೇಳಿಬಿಡೋಣವೇ ಎನ್ನಿಸಿತು. ಹೇಳಿದರೆ ಯಜಮಾನರಿಗೆ ಮೋಸ ಮಾಡಿದ್ದಕ್ಕೆ ಇಬ್ಬರ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಅವರೊಬ್ಬರೇ ಹೋಗುತ್ತಾರೆ. ಆ ಲೆಕ್ಕ ಅವನಿಗೆ ಒಳಗೊಳಗೇ ಹಿತವಾಗಿ, ತುಟಿ ಬಿಗಿದುಕೊಂಡ. ಅಷ್ಟರಲ್ಲಿ ಯಜಮಾನರ ದೃಷ್ಟಿ ಅವನ ಮೇಲೆ ಬಿತ್ತು.

"ಮತ್ತೆ ನೀನೇನಯ್ಯಾ? ಮ್ಯಾನೇಜರು ಅಲ್ಲಿ ಪ್ರಾಣದ ಹಂಗು ಬಿಟ್ಟು ಈಜ್ತಿದ್ರೆ ನೀನು ಒಳಗೆ ಚಿಲಕ ಹಾಕ್ಕೊಂಡು ವಾಂತಿ ಮಾಡ್ತಿದ್ದೆ. ಆ ಸದ್ದು ಛತ್ರಿ ತನಕ ಕೇಳಿಸ್ತಿತ್ತು. ನನ್ನ ಕಂಪನೀಲಿ ಇಂಥ ಪುಕ್ಕಲುತನ ನಡಿಯಲ್ಲ. ಇದಕ್ಕೆ ಔಷಧಿ ಒಂದೇ. ಇಂಥ ಧೈರ್ಯವಂತರ ಸಹವಾಸ. ನೀನೂ ಅವರ ಜೊತೆ ದ್ವೀಪಕ್ಕೆ ಹೊರಡು. ಸಮುದ್ರದ ಹೆದರಿಕೆ ಪೂರ್ತಿ ಹೋದ ಮೇಲೆ ವಾಪಸ್ ಬಾ."

ಚಪ್ಪಾಳೆ ಇನ್ನೊಂದು ಸುತ್ತು ಬಿತ್ತು.  ಅವನ ಸಾಹಸಕ್ಕೆ ಮ್ಯಾನೇಜರಿಗೆ ವರ್ಗವಾಗಿತ್ತು, ಮ್ಯಾನೇಜರ ಪುಕ್ಕಲುತನಕ್ಕೆ ಅವನಿಗೆ. ಹೆಂಡತಿ ಹಿಡಿದಿದ್ದ ಕೈಯನ್ನು ಬಿಟ್ಟಳು.

ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಅವಳು ಅದನ್ನು ಅವನ ಕಡೆ ಚಾಚಿದಳು. ಆ ಕಡೆ ಮಗಳು.

"ಅಪ್ಪಾ, ನೀರಿಗಿಳಿದ್ಯಾ? ಮೀನು ಕಾಣಿಸ್ತಾ? ಯಾವ ಬಣ್ಣ ಇತ್ತು?"

ಸುತ್ತಲೂ ಇಡೀ ಕಂಪನಿ ಅವನನ್ನೇ ನೋಡುತ್ತಿತ್ತು. ಆ ನೀಲಿ ಮೀನು ನಾಲಗೆಯ ತುದಿಗೆ ಬಂದು ನಿಂತಿತ್ತು.

"ಇಲ್ಲ ಪುಟ್ಟಾ" ಎಂದ. "ನಾನು ಇಳೀಲಿಲ್ಲ. ಮ್ಯಾನೇಜರ್ ಸಾಹೇಬ್ರು ಇಳಿದಿದ್ರು."

ಬೋಟು ದಡದ ಕಡೆ ತಿರುಗಿತು. ಕಂಬಕ್ಕೆ ಒರಗಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ ಗುಮಾಸ್ತನ ಪಕ್ಕಕ್ಕೆ ಮ್ಯಾನೇಜರು ಮೆಲ್ಲಗೆ ಬಂದು ಕೂತರು. 

"ಯೋಚನೆ ಮಾಡ್ಬೇಡಿ, ನಾನೊಂದು ದಾರಿ ಹುಡುಕಿದ್ದೀನಿ" ಎಂದರು ಮ್ಯಾನೇಜರು ಸಮಾಧಾನದ ದನಿಯಲ್ಲಿ. "ಅಲ್ಲಿಗೆ ಹೋದ್ಮೇಲೆ ನಾನು ಬೋಟಲ್ಲೇ ಇರ್ತೀನಿ. ನೀವು ದಿನಾ ಬೆಳಿಗ್ಗೆ ನನ್ನ ಪರವಾಗಿ ಈಜಿ ಹೋಗಿ ಹಾಜರಿ ಹಾಕಿ. ಆಮೇಲೆ ವಾಪಸ್ ಬಂದು, ನಿಮ್ಮ ಪರವಾಗಿ ಇನ್ನೊಂದು ಸಲ ಈಜಿದ್ರಾಯ್ತು."